ವೆಲ್ಲೂರು: ಒಂದು ಕರೆಯ ಜಾಡು ಹಿಡಿದು

ಅಕ್ಕನ ಕಣ್ಣು ತೋರಿಸಬೇಕಿತ್ತು, ಅದಕ್ಕೆ ವೆಲ್ಲೂರಿಗೆ ಹೊರಟೆವು. ಬೆಂಗಳೂರಿನವರಿಗೆ ಬೆಳಗಿನ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಅನುಕೂಲ, ಕಾಟ್ಪಾಡಿಯಲ್ಲಿ ಇಳಿದರೆ ಆಯ್ತು. ಅಕ್ಕನ ಮಗಳೂ ಜೊತೆಗಿದ್ದಳು. ಪಿಯುಸಿ ಮುಗಿದಿದೆ, ಮುಂದೇನು ಅಂತ ತೋಚುತ್ತಿಲ್ಲ. ಚರ್ಚಿನ ಯುವಜನರ ಕೂಟದಲ್ಲಿ ಒಬ್ಬೊಬ್ಬರೂ ಎದ್ದು ನಿಂತು ದೇವರು ತಮಗೆ ಕೊಟ್ಟ ದರ್ಶನ ಹೇಳುತ್ತಾರಂತೆ. ಒಬ್ಬರಿಗೆ ಹಾಡಿನ ಸೇವೆ, ಇನ್ನೊಬ್ಬರಿಗೆ ಹೊರದೇಶದಲ್ಲಿ ಸುವಾರ್ತೆ. ಇವಳಿಗೆ ಮಾತ್ರ ಏನೂ ಕಾಣಿಸಿಲ್ಲ. ಬಂಗಾರಪೇಟೆ ದಾಟುವಾಗ ಕೇಳಿದಳು, "ಮಾಮ, ದೇವರು ನನಗ್ಯಾಕೆ ಏನೂ ಹೇಳ್ತಿಲ್ಲ?"

ಈ ಪ್ರಶ್ನೆ ಇಟ್ಟುಕೊಂಡು ಒಳಗೊಳಗೇ ಕೊರಗುವ ಮಕ್ಕಳು ನಮ್ಮ ಸಭೆಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜೋಲಾರಪೇಟೆ ಆದಮೇಲೆ ಕಿಟಕಿಯಲ್ಲಿ ಬೋಳು ಬಂಡೆಗುಡ್ಡಗಳು ಶುರುವಾಗುತ್ತವೆ. ಆಂಬೂರು, ಆಮೇಲೆ ಗುಡಿಯಾತ್ತಂ. ಅಲ್ಲಿ ಅವಳಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಅಂದರೆ ಸಿಎಂಸಿ, ಕಟ್ಟಿದ ಡಾಕ್ಟರ್ ಐಡಾ ಸ್ಕಡರ್ ಕಥೆ ಶುರು ಮಾಡಿದೆ, ಯಾಕಂದರೆ ವೆಲ್ಲೂರಿನಿಂದ ಗುಡಿಯಾತ್ತಂ ಕಡೆಗೆ ಬರುವ ರಸ್ತೆಯಲ್ಲೇ ಆ ತಾಯಿ ವಾರವಾರ ಮರದ ಕೆಳಗೆ ನಿಂತು ಹಳ್ಳಿಯವರಿಗೆ ಔಷಧಿ ಕೊಡುತ್ತಿದ್ದರು.

ಐಡಾ ಹುಟ್ಟಿದ್ದು 1870ರಲ್ಲಿ, ಇಲ್ಲೇ ಹತ್ತಿರದ ರಾಣಿಪೇಟೆಯಲ್ಲಿ. ತಾತ, ಅಪ್ಪ ಇಬ್ಬರೂ ಮಿಷನರಿ ಡಾಕ್ಟರು. ಆದರೆ ಹುಡುಗಿಗೆ ಮಿಷನರಿ ಆಗುವ ಆಸೆ ಚೂರೂ ಇರಲಿಲ್ಲ. ಅಮೆರಿಕದಲ್ಲೇ ಓದಿ, ಮದುವೆಯಾಗಿ, ಅಲ್ಲೇ ಇದ್ದುಬಿಡಬೇಕು ಅಂತಿತ್ತು. ಅಮ್ಮನಿಗೆ ಹುಷಾರಿಲ್ಲ ಅಂತ ಸ್ವಲ್ಪ ದಿನಕ್ಕೆಂದು ತಿಂಡಿವನಕ್ಕೆ ಬಂದಿದ್ದರು. ಒಂದು ರಾತ್ರಿ ಮೂರು ಮನೆಗಳಿಂದ ಒಬ್ಬರಾದ ಮೇಲೆ ಒಬ್ಬರು ಗಂಡಸರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಅಪ್ಪ ಡಾಕ್ಟರು ಇದ್ದಾರೆ, ಅವರನ್ನು ಕರೆದುಕೊಂಡು ಹೋಗಿ ಅಂದರು ಐಡಾ. ಗಂಡಸು ಡಾಕ್ಟರು ನಮ್ಮ ಹೆಂಗಸರನ್ನು ಮುಟ್ಟುವ ಹಾಗಿಲ್ಲ ಅಂತ ಮೂವರೂ ವಾಪಸ್ ಹೋದರು. ಬೆಳಿಗ್ಗೆ ಹೊತ್ತಿಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆಗ ಐಡಾಗೆ ಸುಮಾರು ಇಪ್ಪತ್ತು ವರ್ಷ. ನನ್ನ ಸೊಸೆಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. ಆಕಾಶದಿಂದ ದನಿ ಬರಲಿಲ್ಲ, ಯಾರೂ ಪ್ರವಾದನೆ ಹೇಳಲಿಲ್ಲ. ತನ್ನಿಂದ ಆಗದ ಒಂದು ಕೆಲಸ ಬಾಗಿಲಿಗೆ ಬಂದು ನಿಂತಿತ್ತು. ಅದನ್ನೇ ದೇವರ ಕರೆ ಅಂತ ತಿಳಿದು ಅವರು ಡಾಕ್ಟರಿಕೆ ಓದಲು ಅಮೆರಿಕಕ್ಕೆ ವಾಪಸ್ ಹೋದರು. ಪ್ರಾರ್ಥನೆ ಮಾಡಿ ಸುಮ್ನೆ ಕೂರಲಿಲ್ಲ, ವರ್ಷಗಟ್ಟಲೆ ಓದಿ 1899ರಲ್ಲಿ ಕಾರ್ನೆಲ್‌ನಲ್ಲಿ ಡಿಗ್ರಿ ಪಡೆದರು. ಈ ಭಾಗವನ್ನು ನಮ್ಮ ಕೂಟಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಹೇಳಬೇಕು.

ಕಾಟ್ಪಾಡಿಯಿಂದ ಊರೊಳಗೆ ಹೋಗಲು ಟೌನ್ ಬಸ್ ಸಿಗುತ್ತದೆ. ಪಾಲಾರ್ ಸೇತುವೆ ದಾಟುವಾಗ ಕೆಳಗೆ ಅಗಲಕ್ಕೂ ಮರಳೇ. ಅಕ್ಕನನ್ನು ಕರೆದುಕೊಂಡು ಹೋಗಿದ್ದು ಆರಣಿ ರಸ್ತೆಯ ಶೆಲ್ ಕ್ಯಾಂಪಸ್‌ಗೆ, ಸಿಎಂಸಿಯ ಕಣ್ಣಿನ ಆಸ್ಪತ್ರೆ ಇರುವುದು ಅಲ್ಲೇ. ಐಡಾ 1900ರಲ್ಲಿ ಅಪ್ಪನ ಬಂಗಲೆಯಲ್ಲಿ ಒಂದೇ ಒಂದು ಹಾಸಿಗೆ ಇಟ್ಟುಕೊಂಡು ಕ್ಲಿನಿಕ್ ಶುರು ಮಾಡಿದರು. ಎರಡು ವರ್ಷದ ಮೇಲೆ ಹೆಂಗಸರು ಮಕ್ಕಳಿಗಾಗಿ 40 ಹಾಸಿಗೆಯ ಆಸ್ಪತ್ರೆ ಕಟ್ಟಿದರು. ಆ ಆಸ್ಪತ್ರೆಯೇ ಶೆಲ್. ಅಮೆರಿಕದ ಒಬ್ಬರು ತೀರಿಹೋದ ಹೆಂಡತಿಯ ನೆನಪಿಗೆ ಅದಕ್ಕೆ 10,000 ಡಾಲರ್ ಕೊಟ್ಟಿದ್ದರು. ಅಕ್ಕನ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು, ನಾವಿಬ್ಬರೂ ಹೊರಗೆ ಬಂದು ಆ ಜಾಗ ನೋಡುತ್ತಾ ನಿಂತೆವು.

ಹೆಂಗಸರಿಗೆ ಮೆಡಿಕಲ್ ಸ್ಕೂಲ್ ಶುರುವಾಗಿದ್ದು 1918ರಲ್ಲಿ. ಆ ಒಂದು ಹಾಸಿಗೆಯಿಂದ ಅಲ್ಲಿಗೆ ಹದಿನೆಂಟು ವರ್ಷ, ಐಡಾಗೆ ಆಗಲೇ 47. ಅದಾದ ಮೇಲೂ ಸುಲಭ ಇರಲಿಲ್ಲ. 1930ರ ದಶಕದ ಕೊನೆಯಲ್ಲಿ ಸರ್ಕಾರ ಇನ್ನು ಡಿಪ್ಲೊಮಾ ನಡೆಯಲ್ಲ, ಯೂನಿವರ್ಸಿಟಿ ಡಿಗ್ರಿಯೇ ಬೇಕು ಅಂದಾಗ ಕಾಲೇಜು ಮುಚ್ಚುವ ಸ್ಥಿತಿ ಬಂತು. ಎಪ್ಪತ್ತರ ಹರೆಯದಲ್ಲಿ ಅವರು ಹಣಕ್ಕಾಗಿ ಅಮೆರಿಕದಲ್ಲಿ ಊರೂರು ತಿರುಗಿದರು. ಗಂಡುಮಕ್ಕಳನ್ನೂ ಸೇರಿಸಿಕೊಳ್ಳುವ ಮಾತು ಬಂದಾಗ ಹಳೆಯ ಗೆಳತಿಯರೇ ಬೇಡ ಅಂದರು. ಐಡಾ ಒಪ್ಪಿಕೊಂಡರು, 1947ರಿಂದ ಹುಡುಗರೂ ಬಂದರು. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಇಲ್ಲಿ. ದೇವರು ಕೊಟ್ಟ ಕನಸು ಅಂತ ಹೇಳಿ ಅದನ್ನು ತನ್ನ ಮುಷ್ಟಿಯಲ್ಲೇ ಹಿಡಿದಿಟ್ಟುಕೊಳ್ಳುವುದು ಎಷ್ಟು ಸುಲಭ, ಅಲ್ವಾ?

ಮರುದಿನ ಬಾಗಾಯಂಗೆ ಹೋದೆವು. ಕಾಲೇಜು ಇರುವುದು ಅಲ್ಲಿ, ಪುನರ್ವಸತಿ ಕೇಂದ್ರವೂ ಅಲ್ಲೇ. ಇಳಿಜಾರು ದಾರಿಯಲ್ಲಿ ಒಬ್ಬ ಹುಡುಗ ವೀಲ್‌ಚೇರ್ ಹತ್ತಿಸುತ್ತಿದ್ದ. ಕೈಗೆ ಬೆರಳಿಲ್ಲದ ಗ್ಲೌಸ್. ಒಂದು ಸಲ ತಳ್ಳುತ್ತಾನೆ, ಚಕ್ರ ಹಿಂದೆ ಬರುತ್ತದೆ, ಗಟ್ಟಿಯಾಗಿ ಹಿಡಿಯುತ್ತಾನೆ, ಮತ್ತೆ ತಳ್ಳುತ್ತಾನೆ. ಹಿಂದೆ ಒಬ್ಬ ಹೆಂಗಸು, ತಾಯಿ ಇರಬೇಕು, ಕೈ ಚಾಚಿಕೊಂಡೇ ನಡೆಯುತ್ತಿದ್ದರು, ಆದರೆ ಮುಟ್ಟಲಿಲ್ಲ. ಮೇಲೆ ತಲುಪುವ ತನಕ ನಾವೂ ಉಸಿರು ಬಿಗಿಹಿಡಿದಿದ್ದೆವು.

ಈ ಜಾಗದ ಹಿಂದೆ ಇರುವವರು ಡಾಕ್ಟರ್ ಮೇರಿ ವರ್ಗೀಸ್. ಕೇರಳದವರು, ಸಿಎಂಸಿಯಲ್ಲೇ ಓದಿದವರು. 1954ರಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಎಲ್ಲಾ ಮುಗಿಯಿತು ಅನ್ನುವ ಹೊತ್ತಲ್ಲಿ, ಕುಷ್ಠರೋಗಿಗಳ ಕೈ ಸರಿಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು, ಕೂತುಕೊಂಡೇ ಆಪರೇಷನ್ ಮಾಡಬಹುದು ಬಾ ಅಂದರು. ಮೇರಿ ಮಾಡಿದರು, ವೀಲ್‌ಚೇರ್ ಮೇಲೆ ಕೂತೇ. ಆಮೇಲೆ ಹೊರದೇಶದಲ್ಲಿ ತರಬೇತಿ ಪಡೆದು ಬಂದು, ಬೆನ್ನುಹುರಿ ಪೆಟ್ಟಾದವರು ಮತ್ತೆ ಬದುಕು ಕಟ್ಟಿಕೊಳ್ಳಲಿ ಅಂತ ದುಡಿದರು. ಈ ಕೇಂದ್ರ ಶುರುವಾಗಿದ್ದು 1966ರಲ್ಲಿ.

ಸಂಜೆ ಕಾಟ್ಪಾಡಿ ಪ್ಲಾಟ್‌ಫಾರ್ಮಿನಲ್ಲಿ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಸೊಸೆ ಹೇಳಿದಳು, "ಮಾಮ, ಮೇರಿಯಮ್ಮ ಡಾಕ್ಟರ್ ಆಗೋವಾಗ ಇದು ಯಾವುದೂ ಅವರಿಗೆ ಗೊತ್ತೇ ಇರ್ಲಿಲ್ಲ." ಹೌದು ಅಂದೆ. ನಮ್ಮ ಬೀದಿಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿರುವ ಒಬ್ಬ ಅಜ್ಜಿ ಇದ್ದಾರೆ, ಇವಳು ಆಗಾಗ ಹೋಗಿ ತಲೆ ಬಾಚಿ ಬರುತ್ತಾಳೆ. ಅಂಥವರಿಗೆ ಕೈಕಾಲು ಆಡಿಸಲು ಕಲಿಸುವ ಓದು ಯಾವುದು ಅಂತ ವಿಚಾರಿಸಿಕೊಡಿ ಅಂದಳು. ಫಿಸಿಯೋಥೆರಪಿ ಇದೆ, ಆಕ್ಯುಪೇಷನಲ್ ಥೆರಪಿ ಇದೆ, ಎರಡೂ ವಿಚಾರಿಸೋಣ ಅಂದೆ. ಇದೇ ಅವಳ ಕರೆಯೋ ಅಲ್ಲವೋ ನಾನು ಹೇಳಲಾರೆ. ಇಷ್ಟು ದಿನ ಅವಳಿಗೊಂದು ಒಳ್ಳೆ ಸೀಟು ಸಿಗಲಿ ಅಂತ ಪ್ರಾರ್ಥಿಸುತ್ತಿದ್ದೆ. ಈಗ, ಬಾಗಿಲಿಗೆ ಬಂದವರನ್ನು ಅವಳು ಗುರುತಿಸಲಿ ಕರ್ತನೇ, ಅಂತ ಕೇಳುತ್ತಿದ್ದೇನೆ.