ಜೊಲ್ಲುಬಟ್ಟೆ ಕಟ್ಟಿಕೊಂಡ ವೀರ: ಲಂಡನ್ನಿನ ವಾಲೇಸ್ ಕಲೆಕ್ಷನ್‌ಗೆ ಹೋಗುವ ಮುನ್ನ

ಮೊದಲ ಸಲ ನಾನು ಮಾಡಿದ ತಪ್ಪು, ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಶಾಪಿಂಗ್ ಮುಗಿಸಿ ಸಂಜೆ ನಾಲ್ಕಕ್ಕೆ ಹಳೆಯ ಕವಚ, ಚಿತ್ರಗಳ ಈ ಮ್ಯೂಸಿಯಂ ಒಳಗೆ ಹೋದದ್ದು. ಐದಕ್ಕೆ ಬಾಗಿಲು ಹಾಕುತ್ತಾರೆ. ಎರಡನೇ ಸಲ ಬೆಳಿಗ್ಗೆ ಹತ್ತಕ್ಕೇ ಹೋದೆ. ಪ್ರವೇಶ ಉಚಿತ, ಹಾಗಾಗಿ ಎರಡು ಸಲ ಹೋದರೂ ಜೇಬಿಗೆ ಭಾರವಿಲ್ಲ. ಬಾಂಡ್ ಸ್ಟ್ರೀಟ್ ಟ್ಯೂಬ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಮ್ಯಾಂಚೆಸ್ಟರ್ ಸ್ಕ್ವೇರ್, ಮ್ಯೂಸಿಯಂ ಅಲ್ಲೇ. ಕವಚಗಳೆಲ್ಲ ನೆಲಮಹಡಿಯಲ್ಲೇ ಇವೆ. ಮೇಲಿನ ಚಿತ್ರಗಳನ್ನು ಆಮೇಲೆ ನೋಡಿ.

ಹೋಗುವ ಮುಂಚೆ ಎಂಟು-ಹತ್ತು ಪದ ಕಲಿತುಕೊಳ್ಳಿ, ಇಲ್ಲದಿದ್ದರೆ ಅಲ್ಲಿನ ಲೇಬಲ್‌ಗಳು ಮಂತ್ರದ ಹಾಗೆ ಕಾಣುತ್ತವೆ. ಅಸಲಿಗೆ ಅವು ಹೆಚ್ಚಾಗಿ, ಕವಚದ ಒಂದೊಂದು ತುಂಡು ಕಾಯುವ ಅಂಗದ ಮೇಲೆ ಇಟ್ಟ, ಫ್ರೆಂಚ್ ಮೂಲದ ಮೈ-ಕೈ ಹೆಸರುಗಳು. ಗಾರ್ಜೆಟ್‌ನಲ್ಲಿ ಗಂಟಲಿದೆ, ಪಾಲ್ಡ್ರನ್‌ನಲ್ಲಿ ಹೆಗಲಿದೆ, ಕೌಟರ್‌ನಲ್ಲಿ ಮೊಣಕೈ ಇದೆ. ಗಾಂಟ್ಲೆಟ್ ಎಂದರೆ ಮೂಲದಲ್ಲಿ ಪುಟ್ಟ ಕೈಗವಸು, ಅಷ್ಟೇ. ಎದೆ-ಬೆನ್ನು ಮುಚ್ಚುವ ಕ್ಯುರಾಸ್‌ನಲ್ಲಿ ಅಡಗಿರುವುದು ಕಬ್ಬಿಣವಲ್ಲ, ಚರ್ಮ. ತೊಗಲಿನ ಕಾಲದ ಹೆಸರು ಉಕ್ಕಿಗೂ ಅಂಟಿಕೊಂಡು ಬಂತು. ಸಂಸ್ಕೃತದ 'ಚರ್ಮ'ಕ್ಕೂ ಗುರಾಣಿ ಎಂಬ ಅರ್ಥವಿದೆಯಲ್ಲ, ಹಾಗೆ.

ನನಗೆ ತುಂಬ ಹಿಡಿಸಿದ್ದು ಬೆವರ್. (ಅದರೊಳಗೆ ಗದ್ದ ತೂರಿಸಿಕೊಂಡವನಿಗೆ ಬೆವರು ಹರಿಯದೆ ಇದ್ದೀತೆ ಅನ್ನಿಸಿತು; ಆದರೆ ನಮ್ಮ ಬೆವರಿಗೂ ಅದಕ್ಕೂ ನಂಟಿಲ್ಲ.) ಗದ್ದ, ಕತ್ತು ಕಾಯುವ ಈ ತಗಡಿನ ಹೆಸರಿನ ಹಿಂದೆ ಇರುವುದು ಜೊಲ್ಲು ಸುರಿಸುವುದು ಎಂಬರ್ಥದ ಹಳೆಯ ಫ್ರೆಂಚ್ ಕ್ರಿಯಾಪದ. ಮಗುವಿನ ಕತ್ತಿಗೆ ಕಟ್ಟುವ ಜೊಲ್ಲುಬಟ್ಟೆಯ ಹೆಸರೇ ಇದಕ್ಕೂ ಬಂತು. ಇದು ಗೊತ್ತಾದ ಮೇಲೆ, ಸುಮಾರು 1480ರ ಜರ್ಮನ್ ಕವಚ ತೊಟ್ಟು, ಕವಚ ತೊಟ್ಟ ಕುದುರೆಯ ಮೇಲೇ ಕೂತ ಆ ಸವಾರನನ್ನು ನೋಡಿದರೆ ಭಯವಾಗುವುದಿಲ್ಲ. ಆದರೂ ಆ ಕೋಣೆಯಲ್ಲಿ ಅರ್ಧ ಗಂಟೆ ನಿಲ್ಲಿ, ಸುತ್ತು ಹಾಕಿ ಹಿಂಬದಿಯ ಬಕಲ್, ಪಟ್ಟಿಗಳನ್ನೂ ನೋಡಿ. ಸಂಗ್ರಹದ ನಿಜವಾದ ಒಡವೆ ಅದೇ. 1580ರ ದಶಕದಲ್ಲಿ ಗ್ರೀನಿಚ್‌ನ ರಾಜಕಾರ್ಖಾನೆಯಲ್ಲಿ ಒಂದನೇ ಎಲಿಜಬೆತ್ ರಾಣಿಯ ಆಸ್ಥಾನಿಕ ಲಾರ್ಡ್ ಬಕ್‌ಹರ್ಸ್ಟ್‌ಗೆ ಮಾಡಿದ ಕವಚ ಅಂದವಾಗಿದೆ, ಆದರೆ ನನ್ನ ಕಾಲು ಅಲ್ಲಿ ಅಷ್ಟು ನಿಲ್ಲಲಿಲ್ಲ.

ಇನ್ನೊಂದು ಗೊಂದಲ: ಉಂಗುರ ಹೆಣೆದ ಅಂಗಿಯನ್ನು 'ಮೇಲ್' ಎನ್ನುತ್ತಾರೆ. ಅದು ಬಲೆಯ ಕಣ್ಣು ಎಂಬ ಅರ್ಥದಿಂದ ಬಂದದ್ದು. ಅಂಚೆಯ ಮೇಲ್ ಬೇರೆ, ಅದರ ಮೂಲ ಚೀಲ. ಪ್ಲೇಟ್ ಕವಚವೆಂದರೆ ಇದಲ್ಲ, ತಗಡುಗಳನ್ನು ಜೋಡಿಸಿದ್ದು.

ಜೊತೆಗೆ ಬಂದಿದ್ದ ತಂಗಿಯ ಮಗ ಕೇಳಿದ, "ಮಾಮ, ಕನ್ನಡದಲ್ಲಿ ಇದಕ್ಕೆಲ್ಲ ಏನಂತಾರೆ?" ಕವಚ, ಶಿರಸ್ತ್ರಾಣ ಎಂದೆ. ಆಮೇಲೆ ಗಮಕಿಗಳ ಬಾಯಲ್ಲಿ ಕೇಳಿದ ಸೀಸಕ, ವಜ್ರಾಂಗಿ, ಜೋಡು ನೆನಪಾದವು. ಜೋಡು ಅಂದರೆ ಚಪ್ಪಲಿ ಅಲ್ವಾ ಎಂದು ಅವನು ನಕ್ಕ. ಅದೂ ಹೌದು, ಇದೂ ಹೌದು ಎಂದೆ. ಪಕ್ಕದಲ್ಲೇ ಭಾರತದ ಕತ್ತಿ, ಗುರಾಣಿಗಳ ಕೋಣೆಯೂ ಇದೆ, ಅದಕ್ಕೆ ಸಮಯ ಉಳಿಸಿಕೊಳ್ಳಿ. ನಮಗೆ ಉಳಿದಿರಲಿಲ್ಲ.