ಲಿವರ್‌ನ ಗಡ್ಡೆ: ಉರಿಯೂತವೋ, ಕ್ಯಾನ್ಸರೋ?

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಲಿವರ್‌ನಲ್ಲಿ ಗಡ್ಡೆಯಿದೆ ಎಂದು ಬರೆದಿದ್ದರೆ ಬೆಂಗಳೂರಿನಲ್ಲಿ ರೋಗಿಯ ಮನೆಯವರು ನನ್ನನ್ನು ಮೊದಲು ಕೇಳುವುದು, 'ಕಿದ್ವಾಯಿಗೆ ಹೋಗಬೇಕಾ ಡಾಕ್ಟ್ರೇ?' ಎಂದು. ಸಾಮಾನ್ಯ ಅಲ್ಟ್ರಾಸೌಂಡ್ ಒಂದನ್ನೇ ನೋಡಿ ಇದಕ್ಕೆ ಉತ್ತರ ಕೊಡಬಾರದು ಎಂಬುದು ರೇಡಿಯಾಲಜಿಸ್ಟ್ ಆಗಿ ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಕೀವು ಇನ್ನೂ ನೀರಾಗದ ಬಾವು ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಗಟ್ಟಿ ಗಡ್ಡೆಯಂತೆಯೇ ಕಾಣಬಹುದು.

ಇಂಥಲ್ಲಿ ನೆರವಾಗುವುದು ಗಡ್ಡೆಯೊಳಗಿನ ರಕ್ತದ ಹರಿವನ್ನು ತೋರಿಸುವ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್. ಇದರಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿದ ಸೂಕ್ಷ್ಮ ಗುಳ್ಳೆಗಳನ್ನು ಕೈಯ ರಕ್ತನಾಳಕ್ಕೆ ಕೊಡುತ್ತೇವೆ. ಪರದೆಯ ಮೇಲೆ ಹೊಳೆಯುವ ಈ ಗುಳ್ಳೆಗಳು ರಕ್ತನಾಳ ಬಿಟ್ಟು ಹೊರಗೆ ಸೋರುವುದಿಲ್ಲ, ಅನಿಲವು ಉಸಿರಿನ ಮೂಲಕ ಹೊರಹೋಗುತ್ತದೆ. ಆದ್ದರಿಂದ ಕಿಡ್ನಿ ದುರ್ಬಲವಾಗಿರುವವರಿಗೂ ಇದನ್ನು ಮಾಡಬಹುದು. ಅಲರ್ಜಿ ಅಪರೂಪ, ಆದರೂ ಅದಕ್ಕೆ ಸಿದ್ಧರಾಗಿಯೇ ಇರಬೇಕು.

ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ಸಿರೆಯಿಂದಲೂ ಉಳಿದದ್ದು ಅಪಧಮನಿಯಿಂದಲೂ ಬರುತ್ತದೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ನೆಚ್ಚಿಕೊಳ್ಳುವುದರಿಂದ ಮೊದಲ ಅರ್ಧ ನಿಮಿಷದಲ್ಲಿ ಸುತ್ತಲಿನ ಭಾಗಕ್ಕಿಂತ ಹೊಳೆದು, ಸಾಮಾನ್ಯವಾಗಿ 60 ಸೆಕೆಂಡು ಕಳೆದ ಮೇಲೆ ನಿಧಾನವಾಗಿ, ತುಸುವೇ ಮಂಕಾಗುತ್ತದೆ. ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ 60 ಸೆಕೆಂಡಿಗೂ ಮೊದಲೇ ಮಂಕಾಗತೊಡಗಿ, ಎರಡು ನಿಮಿಷದ ಹೊತ್ತಿಗೆ ಕಪ್ಪಾಗಿರುವುದೇ ಹೆಚ್ಚು. ಕೀವಿನ ಬಾವಿನಲ್ಲಿ ಅಂಚು ಮತ್ತು ಒಳಗಿನ ತೆಳು ಗೋಡೆಗಳು ಮಾತ್ರ ಬೆಳಗುತ್ತವೆ, ಕೀವಿರುವ ಜಾಗಕ್ಕೆ ಒಂದು ಗುಳ್ಳೆಯೂ ಹೋಗುವುದಿಲ್ಲ. ಪರದೆಯ ಮೇಲೆ ಅದು ಜೇನುಗೂಡಿನಂತೆ ಕಾಣುತ್ತದೆ.

ಹೀಗಿದ್ದರೂ ಹೊಳಪನ್ನಷ್ಟೇ ನಂಬುವಂತಿಲ್ಲ. ಉರಿಯೂತದ ಜಾಗಕ್ಕೂ ಅಪಧಮನಿಯ ರಕ್ತ ಹೆಚ್ಚು ಹರಿಯುತ್ತದೆ, ಉರಿಯೂತದಿಂದಾದ ಕೆಲವು ಗಟ್ಟಿ ಗಡ್ಡೆಗಳು ಕ್ಯಾನ್ಸರಿನಂತೆಯೇ ಬೇಗ ಮಂಕಾಗುತ್ತವೆ, ಒಳಗೆ ಕೊಳೆತ ಕ್ಯಾನ್ಸರ್ ಗಡ್ಡೆಯ ನಡುವೆಯೂ ಗುಳ್ಳೆಗಳು ಸೇರುವುದಿಲ್ಲ. ಆದ್ದರಿಂದ ಜ್ವರ, ಬಿಳಿ ರಕ್ತಕಣಗಳ ಎಣಿಕೆ, ಸಕ್ಕರೆ ಕಾಯಿಲೆ, ಹಳೆಯ ಹೆಪಟೈಟಿಸ್ ಬಿ, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ), ಲಿವರ್ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ಆಲ್ಫಾ ಫೀಟೊಪ್ರೋಟೀನ್, ಇವೆಲ್ಲವನ್ನೂ ತಿಳಿದುಕೊಂಡೇ ಚಿತ್ರವನ್ನು ಓದಬೇಕು. ಗಡ್ಡೆ ಲಿವರ್ ಕ್ಯಾನ್ಸರ್ ಆಗಿರುವ ಸಾಧ್ಯತೆಯನ್ನು ಶ್ರೇಣಿಗಳಲ್ಲಿ ಹೇಳುವ, ಕಾಂಟ್ರಾಸ್ಟ್ ಅಲ್ಟ್ರಾಸೌಂಡ್‌ಗಾಗಿ 2016ರಲ್ಲಿ ಬಂದ ಲೈ-ರ್‍ಯಾಡ್ಸ್ ವರ್ಗೀಕರಣವೂ ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವಂಥ ಹೆಚ್ಚಿನ ಅಪಾಯದವರಿಗೆ ಮಾತ್ರ ಅನ್ವಯಿಸುತ್ತದೆ; ಆರೋಗ್ಯವಂತ ಲಿವರ್ ಇದ್ದು ಜ್ವರದಿಂದ ಬಂದ ಯುವಕನಿಗೆ ಅದನ್ನು ಹಚ್ಚುವುದು ಸರಿಯಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಬಯಾಪ್ಸಿ ಮಾಡಲೇಬೇಕು. ಅಲ್ಲಿಯೂ ಗುಳ್ಳೆಗಳು ನೆರವಾಗುತ್ತವೆ: ಸೂಜಿಯನ್ನು ಗಡ್ಡೆಯ ಸತ್ತ ನಡುಭಾಗಕ್ಕೆ ಹಾಕದೆ ರಕ್ತ ಹರಿಯುತ್ತಿರುವ ಅಂಚಿಗೆ ಹಾಕಬಹುದು. ಹಾಗೆ ತೆಗೆದ ತುಣುಕಿನಲ್ಲಿ ಒಂದು ಭಾಗವನ್ನು ಪೆಥಾಲಜಿಗೂ ಇನ್ನೊಂದನ್ನು ರೋಗಾಣುಗಳನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಕಳುಹಿಸುವಂತೆ ನಾನು ಪ್ರತಿ ಸಲವೂ ಕೇಳಿಕೊಳ್ಳುತ್ತೇನೆ.