ದೀಪ ಇದ್ದದ್ದು ಸೀಟಿನ ಕೆಳಗೇ

ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟವರಿಗೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಬೆಂಕಿ ಹತ್ಕೊಳ್ಳುತ್ತಂತೆ ಕಣ್ರೀ, ಯೋಚನೆ ಮಾಡಿ." ಇದನ್ನು ಕೇಳಿ ನಗುವವರು ಮೋಟಾರ್‌ಸೈಕಲ್ಲಿನ ಮೊದಲ ಇಪ್ಪತ್ತು ವರ್ಷಗಳನ್ನೊಮ್ಮೆ ನೋಡಬೇಕು. ಆಗಲೂ ಜನ ಹೆದರಿದ್ದರು, ಹೆದರಿಕೆಗೆ ಕಾರಣವೂ ಇತ್ತು.

1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಮಾಡಿದ ಗಾಡಿಗೆ ಮರದ ಚೌಕಟ್ಟು, ಬೀಳದಂತೆ ಪಕ್ಕದಲ್ಲಿ ಎರಡು ಪುಟ್ಟ ಚಕ್ರ. 264 ಸಿಸಿ ಎಂಜಿನ್, ಅರ್ಧ ಕುದುರೆ ಶಕ್ತಿ, ಗಂಟೆಗೆ ಸುಮಾರು 12 ಕಿ.ಮೀ. ವೇಗ. ಸ್ಪಾರ್ಕ್ ಪ್ಲಗ್ ಇರಲಿಲ್ಲ. ಸಿಲಿಂಡರಿಗೆ ಜೋಡಿಸಿದ ಸಣ್ಣ ಕೊಳವೆಯೊಂದನ್ನು ಹೊರಗಿನಿಂದ ಬರ್ನರ್ ಹಚ್ಚಿ ಕೆಂಪಗೆ ಕಾಯಿಸಬೇಕು. ಪಿಸ್ಟನ್ ಒತ್ತಿದ ಪೆಟ್ರೋಲ್ ಆವಿ ಆ ಕೊಳವೆಯೊಳಗೆ ನುಗ್ಗಿ ಹೊತ್ತಿಕೊಳ್ಳುತ್ತಿತ್ತು. ಅಂದರೆ ಪೆಟ್ರೋಲಿನ ಪಕ್ಕದಲ್ಲೇ, ಸವಾರನ ಸೀಟಿನ ಕೆಳಗೇ, ಉರಿಯುವ ದೀಪ. ಆ ನವೆಂಬರಿನಲ್ಲಿ ಡೈಮ್ಲರ್ ಮಗ ಪೌಲ್ ಓಡಿಸಿದಾಗ ಸೀಟಿಗೇ ಬೆಂಕಿ ಹತ್ತಿತು.

1894ರಲ್ಲಿ ಮ್ಯೂನಿಕ್‌ನ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಗಾಡಿ ಮಾರಾಟಕ್ಕೆ ಬಂತು. 1,489 ಸಿಸಿ ಇದ್ದರೂ ಎರಡೂವರೆ ಕುದುರೆ ಶಕ್ತಿಯಷ್ಟೇ. ಇದರಲ್ಲೂ ಅದೇ ಕಾದ ಕೊಳವೆ. ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡ್ ನೇರವಾಗಿ ಹಿಂದಿನ ಚಕ್ರಕ್ಕೇ ಸೇರಿತ್ತು, ಕ್ಲಚ್ ಇಲ್ಲ. ತಳ್ಳಿ ಓಡಿ ಹತ್ತಬೇಕು. ಗಾಡಿ ನಿಂತರೆ ಎಂಜಿನ್ನೂ ನಿಂತಂತೆ. 1897ರ ಪ್ಯಾರಿಸ್ಸಿನ ವೆರ್ನರ್ ಸಹೋದರರದ್ದು ಇನ್ನೊಂದು ಬಗೆ: ಎಂಜಿನ್ ಮುಂದಿನ ಚಕ್ರದ ಮೇಲೆ. ಭಾರ ಅಷ್ಟು ಎತ್ತರದಲ್ಲಿದ್ದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರದೆ ಇನ್ನೇನು? ಕಾದ ಕೊಳವೆಯ ಮಾದರಿ ಬಿದ್ದರಂತೂ ಬರ್ನರಿನಿಂದ ಗಾಡಿಗೇ ಬೆಂಕಿ.

ಕಾನೂನು ಮಾತ್ರ ಬೇರೆಯದಕ್ಕೇ ಹೆದರಿತ್ತು. ಬ್ರಿಟನ್ನಿನ 1865ರ ಕಾಯ್ದೆಯ ಪ್ರಕಾರ ಸ್ವಯಂಚಾಲಿತ ವಾಹನ ಹಳ್ಳಿಗಾಡಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ದಾಟುವಂತಿಲ್ಲ; 60 ಗಜ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಭಾರೀ ಉಗಿ ಎಂಜಿನ್‌ಗಳನ್ನು ಕಂಡು ಬರೆದ ನಿಯಮ ಅದು. ಹಗುರ ವಾಹನಗಳಿಗೆ ಬಿಡುಗಡೆ ಸಿಕ್ಕಿದ್ದು 1896ರಲ್ಲಿ.

ಬೆಂಕಿಯ ಭಯ ಉಪದೇಶದಿಂದ ಹೋಗಲಿಲ್ಲ, ಗಾಡಿಯ ಭಾಗಗಳು ಬದಲಾದದ್ದರಿಂದ ಹೋಯಿತು. 1901ರಲ್ಲಿ ವೆರ್ನರ್‌ಗಳು ಎಂಜಿನ್ನನ್ನು ಪೆಡಲ್ ಇರುವ ಜಾಗಕ್ಕೆ, ಚೌಕಟ್ಟಿನ ತಳಕ್ಕೆ, ಇಳಿಸಿದರು. ಬರ್ನರ್ ಬದಲು ಬ್ಯಾಟರಿ ಮತ್ತು ಕಾಯಿಲ್‌ನಿಂದ ವಿದ್ಯುತ್ ಕಿಡಿ ಹಾರಿಸುವ ಏರ್ಪಾಟು ಅಷ್ಟರಲ್ಲೇ ಬಂದಿತ್ತು. 1902ರಲ್ಲಿ ಬಾಷ್ ಕಂಪನಿಯ ಗಾಟ್‌ಲಾಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ, ಅಂದರೆ ಎಂಜಿನ್ ತಿರುಗುವುದರಿಂದಲೇ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಸಾಧನ, ತಂದ ಮೇಲೆ ಬರ್ನರಿನ ಕೆಲಸವೇ ಮುಗಿಯಿತು.

ಸ್ಕೂಟರಿನ ಕತೆಯನ್ನೂ ಹೀಗೇ ಬಿಡಿಸಿ ನೋಡಬೇಕು. 2022ರಲ್ಲಿ ಹಲವು ಸ್ಕೂಟರ್‌ಗಳು ಹೊತ್ತಿ ಉರಿದಾಗ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯಿತು: ಮೊದಲ ಹಂತ 2022ರ ಡಿಸೆಂಬರ್ 1ರಿಂದ, ಎರಡನೆಯದು 2023ರ ಮಾರ್ಚ್ 31ರಿಂದ. ಬ್ಯಾಟರಿಯೊಳಗಿನ ಒಂದು ಸೆಲ್ ಕಾವು ಹೆಚ್ಚಿ ಕೆಟ್ಟರೆ ಉರಿ ಇಡೀ ಪ್ಯಾಕಿಗೆ ಹೇಗೆ ಹಬ್ಬುತ್ತದೆ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಿ. ಘಾಟಿ ಹತ್ತಿ ಬಂದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ, ಆರಲಿ. ತೋಟದ ಮನೆಗಳ ಹಳೇ ವೈರಿಂಗ್‌ನಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಅರ್ತಿಂಗ್ ಸರಿಯಿರುವ ಗೋಡೆ ಸಾಕೆಟ್ಟೇ ಆಗಬೇಕು. ಸಡಿಲ ಪಿನ್ ಕಾದು ಕರಗುತ್ತದೆ, ಬೈಗುಳ ಬ್ಯಾಟರಿಗೆ ಬೀಳುತ್ತದೆ.

ನಮ್ಮ ಬೆಟ್ಟದೂರಿಗೆ ಇನ್ನೊಂದು ಮಾತು, ಬೆಂಕಿಯ ಗದ್ದಲದಲ್ಲಿ ಯಾರೂ ಹೇಳದಿರುವುದು. ಬಾಬಾಬುಡನ್‌ಗಿರಿ ಕಡೆಯ ಹೋಂಸ್ಟೇಯಲ್ಲಿ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಇಳಿದರೆ ರೀಜನ್ ಬ್ರೇಕ್, ಅಂದರೆ ಮೋಟಾರೇ ಗಾಡಿಯನ್ನು ನಿಧಾನಿಸಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವ ಬ್ರೇಕ್, ಬಹುತೇಕ ಹಿಡಿಯುವುದಿಲ್ಲ. ತುಂಬಿದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗಲು ಜಾಗವಿರುವುದಿಲ್ಲ. ಇಳಿಜಾರಿನ ಭಾರವೆಲ್ಲ ಡ್ರಮ್ಮು, ಡಿಸ್ಕಿನ ಮೇಲೆ. ನೂರಕ್ಕೆ 80-85ಕ್ಕೆ ಚಾರ್ಜ್ ನಿಲ್ಲಿಸಿ ಹೊರಡಿ.